ಎಳೆ ಎಣಿಸುವ ಹೊತ್ತು



ಈಗ ಮಧ್ಯಾಹ್ನದ ಹೊತ್ತು. ಇಂಡಿಯ ನಿಂಬೆ ತೋಟದಲ್ಲಿ ಕಾಯಿ ಆರಿಸುವವರು ಬುತ್ತಿ ಬಿಚ್ಚಿ ಉಂಡು ನೆರಳಿಗೆ ಕೂತಿರಬೇಕು. ಸಿಂದಗಿಯಲ್ಲಿ ಯಾರೋ ಮೊರ ಹಿಡಿದು ತೊಗರಿ ಹಸನು ಮಾಡುತ್ತಿರಬೇಕು. ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಒಬ್ಬ ತಾಯಿ ತವರಿಗೆ ಹೋಗುವ ಬಸ್ಸಿಗೆ ಕಾದಿರಬೇಕು. ಬಸವನ ಬಾಗೇವಾಡಿಯಲ್ಲಿ ರೊಟ್ಟಿ ಬಡಿದು ಮುಗಿಸಿದವರು ಈಗಷ್ಟೇ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪಡಸಾಲೆಯಲ್ಲಿ ಗೋಡೆಗೆ ಒರಗಿರಬೇಕು.

ನಾನು ಇವತ್ತು ಮಾತಾಡುವುದು ಆ ಕೈಗಳ ಬಗ್ಗೆ. ಕೆಲಸ ಮುಗಿಸಿದ ಕೈಗಳ ಬಗ್ಗೆ. ಆ ಕೈಗೆ ಒಂದು ಸೂಜಿ ಕೊಟ್ಟರೆ ಕಸೂತಿ. ತುದಿ ಬಾಗಿದ ಒಂದು ಕಡ್ಡಿ ಕೊಟ್ಟರೆ ಕ್ರೋಶಾ. ಎರಡೂ ನಮಗೆ ಹೊಸವಲ್ಲ. ಆದರೆ ಅವುಗಳಿಂದ ಮನಸ್ಸಿಗೆ ಏನಾಗುತ್ತದೆ ಎಂದು ನಾವು ಕೂತು ಮಾತಾಡಿದ್ದು ಕಡಿಮೆ.

ಒಂದು ಮಾತಿನಿಂದ ಶುರು ಮಾಡುತ್ತೇನೆ. ‘ಎಣಿಸು’ ಎನ್ನುವ ಮಾತು. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ. ಒಂದು, ಲೆಕ್ಕ ಮಾಡು. ಇನ್ನೊಂದು, ಮನಸ್ಸಿನಲ್ಲಿ ಯೋಚಿಸು. ‘ಹಿಂಗ ಆದೀತು ಅಂತ ಎಣಿಸಿದ್ದಿಲ್ಲ’ ಅನ್ನುತ್ತೇವಲ್ಲ, ಅದು. ಮನೆ ನಡೆಸುವ ಹೆಣ್ಣುಮಗಳು ಇಡೀ ದಿನ ಈ ಎರಡನ್ನೂ ಒಟ್ಟಿಗೇ ಮಾಡುತ್ತಾಳೆ. ಸಂಘದ ಕಂತು ಕಟ್ಟಲು ಇನ್ನೆಷ್ಟು ದಿನ. ಮಳೆ ಹೋಗಿ ಎಷ್ಟು ದಿನ. ಗೋವೆಗೆ ದುಡಿಯಲು ಹೋದ ಮಗ ಫೋನು ಮಾಡಿ ಎಷ್ಟು ದಿನ. ಡಬ್ಬಿಯಲ್ಲಿ ಜೋಳದ ಹಿಟ್ಟು ಎಷ್ಟು ರೊಟ್ಟಿಗೆ. ಈ ಎಣಿಕೆಗೆ ‘ಸಾಕು, ನಿಲ್ಲು’ ಅಂದರೆ ಅದು ನಿಲ್ಲುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೂ ನಿಲ್ಲುವುದಿಲ್ಲ.

ಆದರೆ ಅದಕ್ಕೆ ಎಣಿಸಲು ಬೇರೆ ಏನಾದರೂ ಕೊಡಬಹುದು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ನನ್ನ ಮಾತೆಲ್ಲ ಇಷ್ಟೇ. ಉಳಿದದ್ದು ಇದರ ವಿಸ್ತಾರ.

ಮೊದಲು ಕಸೂತಿ.

ಕೈ ಮತ್ತು ಸೂತ, ಅಂದರೆ ನೂಲು, ಎರಡೂ ಸೇರಿ ಕಸೂತಿ ಆಯಿತು ಅನ್ನುತ್ತಾರೆ. ಚಾಲುಕ್ಯರ ಕಾಲದ್ದು ಎಂದು ಹೇಳುವವರಿದ್ದಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ನನಗೆ ಗೊತ್ತಿರುವ ಕಸೂತಿ ನಮ್ಮ ಆಯಿಯ ಟ್ರಂಕಿನಲ್ಲಿತ್ತು. ಕಪ್ಪು ಬಣ್ಣದ ಚಂದ್ರಕಾಳಿ ಸೀರೆ. ಮದುವೆಯಲ್ಲಿ ಮಗಳಿಗೆ ಕೊಡುವ ಸೀರೆಗಳಲ್ಲಿ ಅದಕ್ಕೊಂದು ಸ್ಥಾನವಿತ್ತು. ಅದರ ಮೈಮೇಲೆ ಕೆಂಪು, ಹಸಿರು, ಕಿತ್ತಳೆ, ನೇರಳೆ ಎಳೆಗಳು. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ಕಟ್ಟೆ, ನಂದಿ. ಸೆರಗಿನಿಂದ ದೂರ ಹೋದಂತೆ ಚಿತ್ರಗಳು ಸಣ್ಣವಾಗುತ್ತವೆ. ಗಿಳಿಯಾಗುತ್ತವೆ, ಹೂವಾಗುತ್ತವೆ, ಕೊನೆಗೆ ಬರೀ ಚುಕ್ಕಿಯಾಗುತ್ತವೆ. ಜಾತ್ರೆ ಮುಗಿಸಿ ಊರಿನಿಂದ ದೂರ ನಡೆಯುತ್ತ ಹಿಂದಿರುಗಿ ನೋಡಿದ ಹಾಗೆ.

ಸೀರೆಯೊಂದೇ ಅಂತಲ್ಲ. ಕೂಸಿನ ಕುಲಾವಿ, ಕುಂಚಿಗೆ, ಹೆಣ್ಣುಮಕ್ಕಳ ಕುಬಸ, ಇವೆಲ್ಲಕ್ಕೂ ಸೂಜಿಯ ಕೆಲಸ ಇರುತ್ತಿತ್ತು. ಕಾರ ಹುಣ್ಣಿಮೆಯ ದಿನ ಎತ್ತಿನ ಬೆನ್ನಿಗೆ ಹೊದಿಸುವ ಜೂಲಕ್ಕೂ. ಎತ್ತು ಮೆರೆಸುವವರು ಗಂಡಸರು. ಜೂಲದ ಹಿಂದಿನ ತಿಂಗಳುಗಟ್ಟಲೆ ಹೊಲಿಗೆಯನ್ನು ಯಾರೂ ಮೆರವಣಿಗೆಯಲ್ಲಿ ಕೂಗಿ ಹೇಳುತ್ತಿರಲಿಲ್ಲ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರ್ಗಿ, ನೇಗಿ, ಮೆಂಥೆ. ರೇಡಿಯೋದಲ್ಲಿ ತೋರಿಸಲು ಆಗುವುದಿಲ್ಲ. ಹೇಳುತ್ತೇನೆ, ನೀವು ಮನಸ್ಸಿನಲ್ಲೇ ಸೂಜಿ ಹಿಡಿಯಿರಿ.

ಗವಂತಿ ಅಂದರೆ ನೇರ ಗೆರೆ. ಸೂಜಿ ನಾಲ್ಕು ಎಳೆ ದಾಟಿ ಕೆಳಗೆ ಇಳಿಯುತ್ತದೆ. ಬಟ್ಟೆಯ ಅಡಿಯಲ್ಲಿ ನಾಲ್ಕು ಎಳೆ ನಡೆದು ಮೇಲೆ ಬರುತ್ತದೆ. ಮತ್ತೆ ನಾಲ್ಕು ಮೇಲೆ, ನಾಲ್ಕು ಕೆಳಗೆ. ಹೀಗೆ ಕೊನೆ ಮುಟ್ಟಿದಾಗ ಬಟ್ಟೆಯ ಮೇಲೆ ಕಡಿಕಡಿದ ಗೆರೆ ಇರುತ್ತದೆ. ಒಂದು ಹೆಜ್ಜೆ ಇದೆ, ಒಂದು ಹೆಜ್ಜೆ ಇಲ್ಲ. ಈಗ ಸೂಜಿ ತಿರುಗುತ್ತದೆ. ಬಂದ ದಾರಿಯಲ್ಲೇ ವಾಪಸು ಹೊರಡುತ್ತದೆ. ಹೋಗುವಾಗ ಖಾಲಿ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಮನೆಗೆ ಬಂದು ಮುಟ್ಟಿದಾಗ ಗೆರೆ ಪೂರ್ತಿ. ಬಟ್ಟೆ ತಿರುವಿ ನೋಡಿದರೆ ಹಿಂದೆಯೂ ಅದೇ ಗೆರೆ, ಅಷ್ಟೇ ಪೂರ್ತಿ.

ಮುರ್ಗಿಯೂ ಇದೇ ಹೊಲಿಗೆ. ಅದು ಮೆಟ್ಟಿಲು ಹತ್ತಿದಂತೆ ಅಂಕುಡೊಂಕಾಗಿ ಹೋಗುತ್ತದೆ, ಅಷ್ಟೇ ಫರಕು. ನೇಗಿ ನೇಯ್ಗೆಯ ಹಾಗೆ ಕಾಣುತ್ತದೆ, ಹೆಸರೂ ಅಲ್ಲಿಂದಲೇ. ಮೆಂಥೆ ಅಂದರೆ ಮೆಂತೆಕಾಳು. ಕತ್ತರಿಯಂತೆ ಒಂದರ ಮೇಲೊಂದು ಅಡ್ಡ ಬೀಳುವ ಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಹಿಂದು ಮುಂದು ಒಂದೇ ಆಗಿರುತ್ತದೆ. ಉಳಿದ ಎರಡರಲ್ಲಿ ಹಾಗಿಲ್ಲ.

ನಿಯಮಗಳು ಮೂರೇ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೊರಟಲ್ಲಿಗೇ ಮರಳಬೇಕು. ಯುರೋಪಿನಲ್ಲೂ ಈ ಗವಂತಿಯಂಥ ಹೊಲಿಗೆ ಇತ್ತು. 16ನೆಯ ಶತಮಾನದ ಹೋಲ್ಬೈನ್ ಎಂಬ ಚಿತ್ರಕಾರ ತಾನು ಬರೆದ ದೊಡ್ಡವರ ಚಿತ್ರಗಳಲ್ಲಿ ಅಂಗಿಯ ಕಾಲರಿನ ಮೇಲೆ, ತೋಳಿನ ಅಂಚಿನ ಮೇಲೆ ಅದನ್ನು ಎಷ್ಟು ನಿಖರವಾಗಿ ತೋರಿಸಿದನೆಂದರೆ, ಮುಂದೆ ಆ ಹೊಲಿಗೆಗೆ ಅವನ ಹೆಸರೇ ಬಂತು. ಹೊಲಿದ ಹೆಂಗಸರ ಹೆಸರು ಬರಲಿಲ್ಲ ಎಂಬುದು ಬೇರೆ ಮಾತು.

ನಾನು ಕಲಿಯುವಾಗ ಒಂದು ನವಿಲು ಹಾಕಿದೆ. ಕುತ್ತಿಗೆಯ ಹತ್ತಿರ ಒಂದು ಎಳೆ ಹೆಚ್ಚು ದಾಟಿದ್ದೆ. ನವಿಲು ಚೆನ್ನಾಗಿಯೇ ಕಾಣುತ್ತಿತ್ತು. ಆಯಿ ಚಾಳೀಸು ಹಾಕಿಕೊಂಡು ನೋಡಿದಳು.

“ಒಂದ ಎಳಿ ತಪ್ಪೈತಿ. ಬಿಚ್ಚವ್ವ.”

“ಅಷ್ಟ ಯಾರ್ ನೋಡ್ತಾರ ಆಯಿ?”

“ಹಿಂದ ತಿರುವಿ ನೋಡು. ಅದು ನೋಡತೈತಿ.”

ಬಿಚ್ಚಿದೆ. ಅತ್ತುಕೊಂಡೇ ಬಿಚ್ಚಿದೆ. ಎರಡನೆಯ ಸಲ ಹಾಕುವಾಗ ಮಾತ್ರ ಒಂದು ಸಂಗತಿ ಗಮನಕ್ಕೆ ಬಂತು. ಆ ದಿನ ಶಾಲೆಯಲ್ಲಿ ನನಗೆ ಅವಮಾನವಾಗಿತ್ತು. ಬೆಳಗಿನಿಂದ ಅದನ್ನೇ ಮೆಲುಕು ಹಾಕುತ್ತಿದ್ದೆ. ನವಿಲಿನ ಕುತ್ತಿಗೆ ಮುಗಿಯುವ ಹೊತ್ತಿಗೆ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಎಣಿಸುವಾಗ ಇನ್ನೊಂದನ್ನು ಎಣಿಸಲು ಜಾಗವೇ ಇರಲಿಲ್ಲ.

ಕಸೂತಿಯ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಎಳೆ ಎಣಿಸಬೇಕು, ಗಂಟು ಹಾಕಬಾರದು, ಹೊರಟಲ್ಲಿಗೆ ಮರಳಬೇಕು ಎಂದೆ. ಇನ್ನು ಕ್ರೋಶಾ.

ಕ್ರೋಶಾಕ್ಕೆ ಬಟ್ಟೆಯೇ ಬೇಡ. ಒಂದು ಕಡ್ಡಿ, ಒಂದು ಉಂಡೆ ದಾರ. ಕಡ್ಡಿಯ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ದಾರದ ಒಂದು ಕುಣಿಕೆ ಮಾಡಿ, ಅದರೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು. ಅದರೊಳಗಿಂದ ಮತ್ತೊಂದು. ಹೀಗೆ ಸರಪಳಿ ಬೆಳೆಯುತ್ತದೆ. ಸರಪಳಿಯ ಮೇಲೆ ಕಂಬ ಎಬ್ಬಿಸಿದರೆ ಜಾಲರಿಯಾಗುತ್ತದೆ. ಬಾಗಿಲ ತೋರಣ, ಪೂಜೆಯ ತಟ್ಟೆಗೆ ಮುಚ್ಚುವ ರುಮಾಲು, ಕೂಸಿನ ಟೊಪ್ಪಿಗೆ, ಒಂದು ಕಾಲಕ್ಕೆ ನಮ್ಮೆಲ್ಲರ ಮನೆಯ ರೇಡಿಯೋದ ಮೇಲಿನ ಹೊದಿಕೆ, ಎಲ್ಲ ಈ ಕಡ್ಡಿಯಿಂದ ಬಂದವು. ಆಮೇಲೆ ಆ ಹೊದಿಕೆ ಟೀವಿಯ ಮೇಲೆ ಏರಿತು. ಟೀವಿ ತೆಳ್ಳಗಾದ ಮೇಲೆ ಹೊದಿಕೆಗೆ ಕೂರಲು ಜಾಗ ಇಲ್ಲದಾಯಿತು.

ಕ್ರೋಶಾದ ಸ್ವಭಾವ ಕಸೂತಿಯದಕ್ಕಿಂತ ಬೇರೆ. ಎಷ್ಟೇ ದೊಡ್ಡ ಹೊದಿಕೆ ಹೆಣೆದರೂ ಯಾವ ಕ್ಷಣದಲ್ಲಾದರೂ ಕಡ್ಡಿಯ ಮೇಲೆ ಜೀವಂತ ಇರುವುದು ಬೆರಳೆಣಿಕೆಯ ಕುಣಿಕೆ ಮಾತ್ರ. ನೀವು ನೋಡಿಕೊಳ್ಳಬೇಕಾದದ್ದು ಅಷ್ಟನ್ನೇ. ತಪ್ಪಿತೋ, ದಾರ ಹಿಡಿದು ಎಳೆಯಿರಿ. ಬಿಚ್ಚುತ್ತ ಬಿಚ್ಚುತ್ತ ತಪ್ಪಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ದಾರ ಹಾಳಾಗುವುದಿಲ್ಲ. ಮತ್ತೆ ಅಲ್ಲಿಂದ ಶುರು. ಇನ್ನೊಂದು ಸಂಗತಿ. ನಿಟ್ಟಿಂಗಿಗೆ ಯಂತ್ರ ಬಂದಿದೆ, ಕಸೂತಿಯಂತೆ ಕಾಣುವುದನ್ನು ಕಂಪ್ಯೂಟರ್ ಹೊಲಿಗೆ ಯಂತ್ರವೂ ಹಾಕುತ್ತದೆ. ಕ್ರೋಶಾದ ಕೈಯನ್ನು ಅನುಸರಿಸುವ ಯಂತ್ರ ಇನ್ನೂ ಅಂಗಡಿ ಸಾಲಿಗೆ ಬಂದಿಲ್ಲ. ಮಾರ್ಕೆಟ್ಟಿನಲ್ಲಿ ನೀವು ನೋಡುವ ನಿಜವಾದ ಕ್ರೋಶಾ ಒಂದೊಂದೂ ಯಾರದೋ ಬೆರಳಿನಿಂದ ಬಂದದ್ದು.

ಕಣ್ಣು ಮಸುಕಾದವರಿಗೆ ನಾನು ಹೇಳುವುದು ಕ್ರೋಶಾವನ್ನೇ. ದಪ್ಪ ಕಡ್ಡಿ, ದಪ್ಪ ಉಣ್ಣೆ ದಾರ ತೆಗೆದುಕೊಂಡರೆ ಬೆರಳೇ ಕಂಬ ಎಣಿಸುತ್ತದೆ. ಕಸೂತಿಗೆ ಕಣ್ಣು ಬೇಕೇ ಬೇಕು.

ಇಲ್ಲಿಯವರೆಗೆ ಎರಡು ಕೆಲಸಗಳ ರೀತಿ ಹೇಳಿದೆ. ಒಂದರಲ್ಲಿ ಎಳೆಯ ಎಣಿಕೆ, ಇನ್ನೊಂದರಲ್ಲಿ ಕುಣಿಕೆಯ ಎಣಿಕೆ. ಈಗ ಕೇಳಬೇಕಾದದ್ದು, ಇದರಿಂದ ಮನಸ್ಸಿಗೆ ನಿಜವಾಗಿ ಏನಾದರೂ ಆಗುತ್ತದೆಯೇ?

ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕ್ರೋಶಾ ಹಾಕುವವರನ್ನು ಕೇಳಿದರು. ಅವರ ಬರಹ 2020ರಲ್ಲಿ ಹೊರಬಂತು. 80ಕ್ಕೂ ಹೆಚ್ಚು ದೇಶಗಳಿಂದ 8,000ಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ನೂರಕ್ಕೆ ಸುಮಾರು 90 ಜನ, ಕ್ರೋಶಾ ಹಿಡಿದರೆ ಮನಸ್ಸು ಶಾಂತವಾಗುತ್ತದೆ ಎಂದರು. ನೂರಕ್ಕೆ 80ರಷ್ಟು ಜನ, ಖುಷಿಯಾಗುತ್ತದೆ ಎಂದರು. ನಾಲ್ಕರಲ್ಲಿ ಮೂರು ಪಾಲು ಜನ, ತಾವು ಯಾವುದಕ್ಕೋ ಉಪಯೋಗಕ್ಕೆ ಬರುತ್ತೇವೆ ಅನ್ನಿಸುತ್ತದೆ ಎಂದರು. ನನಗೆ ಈ ಮೂರನೆಯ ಮಾತೇ ದೊಡ್ಡದು ಅನ್ನಿಸಿತು. ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉತ್ತರ ಕೊಟ್ಟವರೆಲ್ಲ ಮೊದಲೇ ಕ್ರೋಶಾವನ್ನು ಪ್ರೀತಿಸುವವರು. ಹುರಕ್ಕಿ ಹೋಳಿಗೆ ಇಷ್ಟಪಡುವವರನ್ನು ಹೋಳಿಗೆ ಹೇಗಿದೆ ಎಂದು ಕೇಳಿದ ಹಾಗೆ. ಆದ್ದರಿಂದ ಇದನ್ನು ಔಷಧಿಯ ಲೆಕ್ಕದಲ್ಲಿ ಹಿಡಿಯಬೇಡಿ.

ಹಳೆಯ ಸಾಕ್ಷಿಯೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಕೈಕಾಲು ಹೋದವರು, ನಿದ್ದೆ ಬಾರದವರು. ಅವರ ಕೈಗೆ ಸೂಜಿ ಕೊಟ್ಟರು. ಬ್ರಾಡ್‌ಫೋರ್ಡ್ ಎಂಬ ಊರಿನಲ್ಲಿ ಲೂಯಿಸಾ ಪೆಸೆಲ್ ಎಂಬ ಕಸೂತಿ ಪರಿಣತೆ ಇದಕ್ಕಾಗಿಯೇ ಸಿಪಾಯಿಗಳ ಒಂದು ಕೈಕೆಲಸದ ಕೂಟವನ್ನು ನಡೆಸಿದರು. ಹೀಗೆಯೇ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪೂಜಾವೇದಿಕೆಗೆ ಒಂದು ದೊಡ್ಡ ಕಸೂತಿ ಹೊದಿಕೆ ತಯಾರಾಯಿತು. ಬೇರೆ ಬೇರೆ ದೇಶಗಳ 130ಕ್ಕೂ ಹೆಚ್ಚು ಗಾಯಾಳು ಸಿಪಾಯಿಗಳು ಅದನ್ನು ಹೊಲಿದರು. 1919ರಲ್ಲಿ ಯುದ್ಧ ಮುಗಿದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಪ್ರಾರ್ಥನೆಯ ದಿನ ಅದನ್ನು ಹಾಸಿದರು. ಬಂದೂಕು ಹಿಡಿದ ಕೈ.

ಗಂಡಸರು ಸೂಜಿ ಹಿಡಿಯುವುದೇ ಎಂದು ಬಾಗೇವಾಡಿಯಲ್ಲಿ ಯಾರೂ ಕೇಳಬಾರದು. ಬಸವಣ್ಣನವರ ಹುಟ್ಟೂರು ಅದು. ಅವರ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಕಾಯಕವೇ ಹೆಸರಿನ ಮುಂದೆ ಬಂದು ನಿಂತಿದೆ. ಅವರ ವಚನ ಇಂದಿಗೂ ಉಳಿದಿದೆ. ನೂಲುವ ಕದಿರೇ ಹೆಸರಾದ ರೆಮ್ಮವ್ವೆಯವರ ವಚನಗಳೂ ಉಳಿದಿವೆ. ಇನ್ನೂ ಹತ್ತಿರ ಬರೋಣ. ‘ಸಿಂಪಿ’ ಅಂದರೆ ನಮ್ಮ ಕಡೆ ಬಟ್ಟೆ ಹೊಲಿಯುವವರು. ಚಡಚಣದ ಸಿಂಪಿ ಲಿಂಗಣ್ಣನವರ ಹೆಸರಿನಲ್ಲೇ ಸೂಜಿ ಇದೆ.

ಲಿಂಗಣ್ಣನವರ ಹೆಸರು ಬಂದದ್ದೇ ಒಳ್ಳೆಯದಾಯಿತು. ಅವರು, ಮಧುರಚೆನ್ನರು ಮತ್ತು ಸಂಗಡಿಗರು ಹಲಸಂಗಿ ಗೆಳೆಯರೆಂದು ಹೆಸರಾದವರು. ಹಲಸಂಗಿ ಹಳೆಯ ಇಂಡಿ ತಾಲೂಕಿನ ಊರು. ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ ಅವರು 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ತಂದರು. ಆ ಹಾಡುಗಳಲ್ಲಿ ಎಷ್ಟೋ ಹುಟ್ಟಿದ್ದು ಬೀಸುಕಲ್ಲಿನ ಮುಂದೆ. ಕಲ್ಲು ತಿರುಗುತ್ತಿತ್ತು. ಕೈ ತಿರುಗಿಸುತ್ತಿತ್ತು. ಬಾಯಿ ತವರನ್ನು ನೆನೆಯುತ್ತಿತ್ತು, ಗಂಡನನ್ನು ಬೈಯುತ್ತಿತ್ತು, ಕೂಸನ್ನು ಹೊಗಳುತ್ತಿತ್ತು. ಒಂದೇ ತೆರನಾಗಿ ಕೈ ಆಡುತ್ತಿದ್ದರೆ ಎದೆಯೊಳಗಿನದು ತಾನಾಗಿ ಸಡಿಲವಾಗುತ್ತದೆ.

ಬೀಸುಕಲ್ಲು ಮತ್ತೆ ಬರಲಿ ಎನ್ನುವವಳು ನಾನಲ್ಲ. ಗಿರಣಿ ಬಂದದ್ದು ಪುಣ್ಯ. ಬೆನ್ನು ಉಳಿಯಿತು. ಆದರೆ ಕಲ್ಲು ಮೂಲೆಗೆ ಸರಿದಾಗ ಕೈಯ ಲಯವೂ ಹೋಯಿತು. ಆ ಜಾಗಕ್ಕೆ ಮೊಬೈಲು ಬಂತು. ಅದರ ಮೇಲೆ ಬೆರಳು ಆಡುತ್ತದೆ ನಿಜ. ಒಂದು ತಾಸು ಆಡಿಸಿದ ಮೇಲೆ ಮಡಿಲಲ್ಲಿ ಏನೂ ಇರುವುದಿಲ್ಲ. ಹಾಗೆಂದು ಪೂರ್ತಿ ಬೈಯಲೂ ಆಗದು. ಸಿಂದಗಿಯ ಒಬ್ಬ ಹುಡುಗಿ ಕ್ರೋಶಾವನ್ನು ಯಾರಿಂದ ಕಲಿತೆ ಎಂದರೆ ಮೊಬೈಲು ತೋರಿಸುತ್ತಾಳೆ.

ಮನಸ್ಸಿಗೆ ಹಗುರ ಎನ್ನುವುದಕ್ಕೆ ಸಾಕ್ಷಿಗಳನ್ನು ಹೇಳಿದೆ. ಆಸ್ಟ್ರೇಲಿಯಾದವರು, ಸಿಪಾಯಿಗಳು, ಬೀಸುವ ನಮ್ಮ ಅಜ್ಜಿಯರು. ಈಗ ಸ್ವಲ್ಪ ಕಹಿ ಮಾತಿಗೆ ಬರುತ್ತೇನೆ. ಎಣಿಕೆ ದುಡ್ಡಿನದಾದಾಗ ಏನಾಗುತ್ತದೆ?

ಈಗ ನಮ್ಮ ಊರುಗಳಲ್ಲಿ ಕ್ರೋಶಾ ಹೆಚ್ಚಾಗಿ ಕಾಣುವುದು ಸೀರೆಯ ಸೆರಗಿನಲ್ಲಿ. ಕುಚ್ಚು ಹಾಕುವುದು. ರೇಷ್ಮೆ ದಾರ, ಮಣಿ, ಕ್ರೋಶಾ ಕಡ್ಡಿ. ಮದುವೆಯ ಸೀಜನ್ ಬಂತೆಂದರೆ ಹೊಲಿಗೆ ಅಂಗಡಿಯಿಂದ ಸೀರೆಗಳ ಗಂಟು ಮನೆಗೆ ಬರುತ್ತದೆ. ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುತ್ತದೆ. ಬೇಡ ಎನ್ನಲು ನಾನಾರು? ಮಕ್ಕಳ ಶಾಲೆಯ ಫೀ ಅದರಲ್ಲಿ ಹೋಗುತ್ತದೆ. ಆದರೆ ನಾಳೆ ಬೆಳಗ್ಗೆ ಎಂಟಕ್ಕೆ ಕೊಡಬೇಕಾದ ಸೀರೆಯನ್ನು ರಾತ್ರಿ ಒಂದಕ್ಕೆ ಹಿಡಿದು ಕೂತವಳಿಗೆ ನಾನು ಇಷ್ಟು ಹೊತ್ತು ಹೇಳಿದ ಶಾಂತಿ ಎಲ್ಲಿಯದು? ಅವಳು ಎಣಿಸುವುದು ಉಳಿದ ಕುಚ್ಚುಗಳನ್ನು, ಉಳಿದ ತಾಸುಗಳನ್ನು.

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ನರಸಾಪುರ ಎಂಬ ಊರಿದೆ. ಕ್ರೋಶಾ ಲೇಸಿಗೆ ಹೆಸರುವಾಸಿ. 19ನೆಯ ಶತಮಾನದಲ್ಲಿ ಮಿಶನರಿಗಳು ಅಲ್ಲಿ ಈ ಕೆಲಸ ಕಲಿಸಿದರು. ಅಲ್ಲಿನ ಲೇಸು ದೇಶ ದೇಶಗಳಿಗೆ ಹೋಯಿತು. 2024ರಲ್ಲಿ ಅದಕ್ಕೆ ಜಿಐ ಟ್ಯಾಗ್ ಎನ್ನುವ ಭೌಗೋಳಿಕ ಗುರುತೂ ಸಿಕ್ಕಿತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಆ ಹೆಂಗಸರ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಇದು. ಮನೆಗೆಲಸದ ಮೇಲೆ ದಿನಕ್ಕೆ ಆರು ಎಂಟು ತಾಸು ಲೇಸು ಹೆಣೆಯುವ ಹೆಂಗಸರನ್ನು ಯಾರೂ ಕೆಲಸಗಾರರೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿ ಕೂತವರು, ಬಿಡುವಿನ ವೇಳೆಯಲ್ಲಿ ಏನೋ ಮಾಡುತ್ತಾರೆ ಎಂದುಬಿಟ್ಟಿದ್ದರು. ಕೂಲಿಯೂ ಹಾಗೆಯೇ ಇತ್ತು. ‘ಹವ್ಯಾಸ’ ಎಂಬ ಚಂದದ ಮಾತನ್ನು ಹೀಗೂ ಬಳಸಬಹುದು. ನಿಮ್ಮ ಕುಚ್ಚಿಗೆ ಯಾರಾದರೂ ‘ಮನ್ಯಾಗ ಖಾಲಿ ಕುಂತಿರತೀರಿ, ಅಷ್ಟ ಸಾಕಲ್ಲ’ ಎಂದು ರೇಟು ಇಳಿಸಿದರೆ ಈ ಮಾತು ನೆನಪಿಡಿ.

ಇನ್ನೊಂದು ಬಗೆಯೂ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಮ್ಮ ಈ ನಾಲ್ಕೂ ತಾಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ತಾಂಡಾದ ಹಿರಿಯ ಹೆಂಗಸರ ಕಾಂಚಳಿ ಎಂಬ ರವಿಕೆ, ಫೇಟಿಯಾ ಎಂಬ ಲಂಗ ನೋಡಿದ್ದೀರಿ. ಕನ್ನಡಿ ಚೂರು, ಕವಡೆ, ನಾಣ್ಯ, ಅವುಗಳ ಸುತ್ತ ಹತ್ತಾರು ಬಗೆಯ ಹೊಲಿಗೆ. ಬಿಸಿಲಲ್ಲಿ ನಡೆದು ಬಂದರೆ ಕನ್ನಡಿಗಳ ಬೆಳಕು ಗೋಡೆಯ ಮೇಲೆ ಆಡುತ್ತದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಶಲ ಕಲಾ ಕೇಂದ್ರ ಈ ಕಸೂತಿಯನ್ನು ದಶಕಗಳಿಂದ ಉಳಿಸಿ ಬೆಳೆಸಿಕೊಂಡು ಬಂದಿದೆ. ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸುಮಾರು 450 ಲಂಬಾಣಿ ಹೆಣ್ಣುಮಕ್ಕಳು ಮಾಡಿದ ಸುಮಾರು 1,750 ಕಸೂತಿ ಕೆಲಸಗಳನ್ನು ಒಂದೆಡೆ ಇಟ್ಟರು. ಗಿನ್ನೆಸ್ ದಾಖಲೆಯಾಯಿತು. ಸಂಡೂರಿನ ಕೇಂದ್ರದಲ್ಲಿ ಹೆಣ್ಣುಮಕ್ಕಳು ಕೂಡಿ ಕೂತು ಹೊಲಿಯುತ್ತಾರೆ. ಕೂಡಿ ಕೂತರೆ ರೇಟು ಇಳಿಸುವವನಿಗೆ ಸ್ವಲ್ಪ ಹೆದರಿಕೆ. ಹೊಲಿಯುವವರಿಗೆ ಸ್ವಲ್ಪ ನಗು.

ಬೇಸಿಗೆಯಲ್ಲಿ ಕೌದಿ ಹೊಲಿಯುವುದೂ ಹೀಗೆಯೇ ಅಲ್ಲವೇ? ಹಳೆಯ ಸೀರೆ, ಧೋತರ, ಹರಿದ ಅಂಗಿಯ ತುಂಡುಗಳನ್ನು ಪಡಸಾಲೆಯ ಉದ್ದಕ್ಕೂ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಹೊಲಿಯುತ್ತ ನಡುವಿಗೆ ಬರುವುದು. ಸೂಜಿ ಹತ್ತಿರವಾದಂತೆ ಮಾತೂ ಹತ್ತಿರವಾಗುತ್ತದೆ. ಅತ್ತೆಯ ಮುಂದೆ ಹೇಳಲಾಗದ್ದನ್ನು ಕೌದಿಯ ಮುಂದೆ ಹೇಳಿದವರು ಎಷ್ಟು ಜನರೋ.

ಹಾಗಾದರೆ ನನ್ನ ತೀರ್ಪು ಏನು? ದುಡ್ಡಿಗೆ ಹತ್ತು ಸೀರೆಯ ಕುಚ್ಚು ಹಾಕಿರಿ, ತಕ್ಕ ಕೂಲಿ ಕೇಳಿ ತೆಗೆದುಕೊಳ್ಳಿರಿ. ಅದರ ಜೊತೆಗೆ ಒಂದು ತುಂಡು ಬಟ್ಟೆಯನ್ನು ಮಾರಾಟಕ್ಕೆ ಇಡದೆ ಇಟ್ಟುಕೊಳ್ಳಿರಿ. ಅದಕ್ಕೆ ಗಡುವು ಬೇಡ, ಗಿರಾಕಿ ಬೇಡ. ಮುಗಿಯದಿದ್ದರೂ ನಡೆಯುತ್ತದೆ. ನನ್ನದೊಂದು ಹನ್ನೊಂದು ವರ್ಷದಿಂದ ಮುಗಿದಿಲ್ಲ.

ದುಡ್ಡಿನ ಎಣಿಕೆಯ ಮಾತು ಮುಗಿಯಿತು. ಇನ್ನು ಹೊಸದಾಗಿ ಹಿಡಿಯುವವರಿಗೆ ನಾಲ್ಕು ಮಾತು.

ಕಸೂತಿಗೆ ಮ್ಯಾಟಿ ಬಟ್ಟೆ ತನ್ನಿರಿ. ಅದರ ಎಳೆಗಳು ಚೌಕ ಚೌಕವಾಗಿ ಬಿಡಿಬಿಡಿ ಕಾಣುತ್ತವೆ, ಎಣಿಸಲು ಸುಲಭ. ಇಳಕಲ್ ಸೀರೆಯ ಮೇಲೆ ಮೊದಲ ದಿನವೇ ಹಾಕಲು ಹೋಗಬೇಡಿ. ಕೃಷ್ಣೆಯ ಆಚೆ ನೇಯ್ದವರಿಗೂ ಬೇಸರ, ನಿಮಗೂ ಬೇಸರ. ಒಂದು ಲಡಿ ದಾರದಲ್ಲಿ ಆರು ಎಳೆ ಇರುತ್ತವೆ. ಎರಡೇ ಎಳೆ ಬಿಡಿಸಿಕೊಳ್ಳಿರಿ. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ ಸಾಕು. ಉದ್ದ ದಾರ ತೆಗೆದುಕೊಂಡರೆ ಬೇಗ ಮುಗಿದೀತು ಅನ್ನಿಸುತ್ತದೆ, ಸಿಕ್ಕಾಗುವುದೇ ಹೆಚ್ಚು. ಮೊದಲ ವಾರ ಬರೀ ಗವಂತಿ. ಒಂದು ಗೆರೆ ಹೋಗಿ, ಬನ್ನಿ. ಆನೆ, ಅಂಬಾರಿ ಆಮೇಲೆ.

ಕ್ರೋಶಾಕ್ಕೆ ಸಣ್ಣ ಲೇಸಿನ ಕಡ್ಡಿಯಿಂದ ಶುರು ಮಾಡಬೇಡಿ. ದಪ್ಪ ಕಡ್ಡಿ, ದಪ್ಪ ದಾರ. ನೂರು ಕುಣಿಕೆಯ ಸರಪಳಿ ಹಾಕಿರಿ, ಬಿಚ್ಚಿರಿ. ಮತ್ತೆ ಹಾಕಿರಿ, ಬಿಚ್ಚಿರಿ. ಎಲ್ಲ ಕುಣಿಕೆಯೂ ಒಂದೇ ಅಳತೆಗೆ ಬರುವವರೆಗೆ ಕಂಬದ ಯೋಚನೆ ಬೇಡ.

ಬೆಳಕು ಎಡಗಡೆಯಿಂದ ಬರುವಂತೆ ಕೂತುಕೊಳ್ಳಿ. ಎಡಗೈಯವರಾದರೆ ಬಲಗಡೆಯಿಂದ. ಅರ್ಧ ತಾಸಿಗೊಮ್ಮೆ ತಲೆ ಎತ್ತಿ ಬಾಗಿಲ ಆಚೆಯ ಮರ ನೋಡಿರಿ. ಕುತ್ತಿಗೆ ಆಡಿಸಿರಿ. ನಲವತ್ತು ದಾಟಿದವರು ಚಾಳೀಸು ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿರಿ. ಬಹಳ ಜನ ‘ನನಗೆ ಕಸೂತಿ ಕೈ ಹಿಡಿಯಲಿಲ್ಲ’ ಅನ್ನುತ್ತಾರೆ. ಎಷ್ಟೋ ಸಲ ಅಡ್ಡಿಯಾದದ್ದು ಕಣ್ಣು, ಕೈಯಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ರುಚಿಸುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂದರೆ ಅದಕ್ಕೆ ಸೂಜಿ ಉತ್ತರವಾಗುವುದಿಲ್ಲ. ಅದು ವೈದ್ಯರ ಕೆಲಸ. ಸರಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. ನಂಬರು 14416. ಮತ್ತೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ದುಡ್ಡು ಬೀಳುವುದಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಕೈಕೆಲಸಕ್ಕೆ ರೇಡಿಯೋದಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಅದು ಕಿವಿಯನ್ನು ಮಾತ್ರ ಕೇಳುತ್ತದೆ. ಕಣ್ಣು, ಕೈ ಎರಡನ್ನೂ ನಿಮಗೇ ಬಿಡುತ್ತದೆ. ಈ ಮಾತು ಕೇಳುತ್ತ ಯಾರಾದರೂ ಕಸೂತಿ ಹಿಡಿದು ಕೂತಿದ್ದರೆ, ಇಷ್ಟು ಹೊತ್ತಿಗೆ ಗವಂತಿಯ ಒಂದು ಸಾಲು ಹೋಗಿ ಬಂದಿರಬೇಕು. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಹಿಂಬದಿ ತಿರುವಿ ಒಮ್ಮೆ ನೋಡಿಕೊಳ್ಳಿರಿ. ಒಂದು ಎಳೆ ತಪ್ಪಿದ್ದರೆ ಇವತ್ತೇ ಬಿಚ್ಚಿಬಿಡಿ.